ಐದು ವರ್ಷ ಹಾಡದ ಗಂಡ, ಸಂಬಳ ತಂದ ಹೆಂಡ್ತಿ

ಹಿಂದೂಸ್ತಾನಿ ಸಂಗೀತ ಕೇಳೋವಾಗ ನಂಗೆ ಮೊದ್ಲಿಂದ್ಲೂ ಸ್ವಲ್ಪ ನಗು ಬರ್ತಿತ್ತು. ಶಾಲು ಹೊದ್ಕೊಂಡು, ಕಣ್ಣು ಮುಚ್ಕೊಂಡು ದೊಡ್ಡ ದೊಡ್ಡ ಗಂಡಸರು ಹಾಡೋದು ಎಂತ ಅಂದ್ರೆ, ಕಾಲ್ಗೆಜ್ಜೆ ಸದ್ದಾಗ್ತಿದೆ, ಅತ್ತೆ ನಾದಿನಿ ಎಚ್ಚರಾಗ್ಬಿಡ್ತಾರೆ, ಅವನ ಹತ್ರ ಹೆಂಗೆ ಹೋಗ್ಲಿ ಅಂತ! ಖಯಾಲ್ ಹಾಡಿಕೆಯ ಚೀಜುಗಳಲ್ಲಿ ಹೆಚ್ಚಿನವು ಹಿಂಗೇ ಇರ್ತವೆ. ಎರಡೋ ನಾಲ್ಕೋ ಸಾಲು, ಅದರೊಳಗೆ ಒಬ್ಬ ಹೆಂಗಸು, ಅವಳು ಕಾಯ್ತಿರ್ತಾಳೆ. ಆ ಎರಡು ಸಾಲನ್ನೇ ಹಿಡ್ಕೊಂಡು ಮುಕ್ಕಾಲು ಗಂಟೆ ಹಾಡ್ತಾರೆ.

ನಮ್ಮ ಜಿಲ್ಲೆಗೂ ಈ ಪ್ರೀತಿಯ ಹಾಡಿಗೂ ನಂಟಿದೆ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನೇ ಗಂಡ ಅಂದ್ಕೊಂಡು ಬರೆದ ವಚನಗಳನ್ನ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ರಾಗದಲ್ಲಿ ಹಾಡಿದಾರೆ. ಆದ್ರೆ ಅದು ದೇವರ ಮೇಲಿನ ಪ್ರೀತಿ. ನಾನು ಇವತ್ತು ಬರೆಯೋಕೆ ಕೂತಿದ್ದು ಬಾಡಿಗೆ ಮನೆ, ಔಷಧಿ, ಗಂಜಿ, ಸಂಬಳ ಇವೆಲ್ಲ ಇರೋ ಪ್ರೀತಿ ಬಗ್ಗೆ. ಕುಮಾರ ಗಂಧರ್ವರು ಮತ್ತೆ ಭಾನುಮತಿಯವರ ಸಂಸಾರದ ಬಗ್ಗೆ.

ಕುಮಾರ ಗಂಧರ್ವ ಅಂದ್ರೆ ಉತ್ತರದೋರು ಅಂತ ತುಂಬಾ ಜನ ಅಂದ್ಕೊಂಡಿದಾರೆ. ಅಲ್ಲ ಮಾರಾಯ್ರೆ, ನಮ್ಮೋರೇ. ಬೆಳಗಾವಿ ಹತ್ರದ ಸೂಳೇಭಾವಿಯಲ್ಲಿ 1924ರ ಏಪ್ರಿಲ್ 8ಕ್ಕೆ ಹುಟ್ಟಿದ್ದು. ಮನೆಯಲ್ಲಿಟ್ಟ ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೋಂಕಳಿಮಠ. ಸಣ್ಣ ಹುಡುಗ ಇರೋವಾಗ್ಲೇ ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆ ಕೇಳಿ ಹಂಗೇ ಹಾಡಿ ತೋರಿಸ್ತಿದ್ರಂತೆ. ಅದನ್ನ ಕೇಳಿ ಒಬ್ಬ ಸ್ವಾಮಿಗಳು ಕುಮಾರ ಗಂಧರ್ವ ಅನ್ನೋ ಬಿರುದು ಕೊಟ್ರು, ಅದೇ ಹೆಸರಾಗಿ ನಿಂತ್ಕೊಂಡ್ತು. ಆಮೇಲೆ ಮುಂಬಯಿಯಲ್ಲಿ ಬಿ.ಆರ್. ದೇವಧರ್ ಅವರ ಸಂಗೀತ ಶಾಲೆಗೆ ಸೇರಿದ್ರು. ಇಪ್ಪತ್ತು ತುಂಬೋದ್ರೊಳಗೆ ದೇಶಕ್ಕೆಲ್ಲ ಗೊತ್ತಿದ್ದ ಹಾಡುಗಾರ.

ಅದೇ ಶಾಲೆಗೆ ಸಂಗೀತ ಕಲಿಯೋಕೆ ಕರಾಚಿ ಕಡೆಯಿಂದ ಬಂದ ಹುಡುಗಿ ಭಾನುಮತಿ ಕಂಸ್. ಓದಿದೋರು, ಹಾಡೋರು. ಇಬ್ರೂ ಮೆಚ್ಚಿ 1947ರಲ್ಲಿ ಮದುವೆ ಆದ್ರು. ಆ ವರ್ಷ ಮುಗಿಯೋದ್ರೊಳಗೆ ಗಂಡನಿಗೆ ಟಿಬಿ.

ಇಲ್ಲಿ ಒಂದು ನಿಮಿಷ ನನ್ನ ಮಾತು ಹೇಳ್ತೀನಿ. ನಮ್ಮನೆಯವರಿಗೂ ಒಂದ್ಸಲ ಟಿಬಿ ಬಂದಿತ್ತು. ಆರು ತಿಂಗಳ ಸರ್ಕಾರಿ ಮಾತ್ರೆ. ಬೆಳಿಗ್ಗೆ ಎದ್ದು ಎಣಿಸಿ ಕೈಗೆ ಹಾಕೋದು ನನ್ನ ಕೆಲಸ, ತಟ್ಟೆ ಲೋಟ ಬೇರೆ ಇಡೋದು ಅತ್ತೆಯವರ ಹಠ. ಮಾತ್ರೆ ತಗೊಂಡ ಮೊದಲ ದಿನ ಮೂತ್ರ ಕೆಂಪಗಾಯ್ತು ಅಂತ ಹೆದರಿ ಕೂತಿದ್ರು. ಅದು ಮಾತ್ರೆಯಿಂದಾನೇ, ರಕ್ತ ಅಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಸಮಾಧಾನ. ರಾತ್ರಿ ಅವ್ರಿಗೂ ನಿದ್ದೆ ಇಲ್ಲ, ನಂಗೂ ಇಲ್ಲ. ನಮ್ಮ ತ್ಯಾವರೆಕೊಪ್ಪದ ಸಿಂಹಧಾಮದ ಕಡೆಯಿಂದ ಸಿಂಹ ಕೂಗಿದ್ದು ಕೇಳ್ತಾ ಮಲಗಿರ್ತಿದ್ವಿ. ನಂಗೆ ಔಷಧಿ ಇದೆ, ಗುಣ ಆಗುತ್ತೆ ಅನ್ನೋ ಧೈರ್ಯ ಇತ್ತು. ಭಾನುಮತಿಯವರಿಗೆ ಆ ಧೈರ್ಯ ಎಲ್ಲಿತ್ತು? ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದಿದ್ದೇ 1943ರಲ್ಲಿ, ಅಮೆರಿಕದಲ್ಲಿ. ಅದು ನಮ್ಮ ದೇಶದ ರೋಗಿಗಳ ಕೈಗೆ ಸಿಗೋಕೆ ಇನ್ನೂ ವರ್ಷಗಳು ಬೇಕಿತ್ತು. ಅಲ್ಲೀತನಕ ಟಿಬಿಗೆ ಔಷಧಿ ಅಂದ್ರೆ ಒಣಹವೆ, ಹಾಲು ಮೊಟ್ಟೆ, ಮಲಗೋದು ಅಷ್ಟೇ.

ಒಣಹವೆ ಹುಡುಕ್ಕೊಂಡೇ 1948ರ ಜನವರಿಯಲ್ಲಿ ಇಬ್ರೂ ಇಂದೋರ್ ಹತ್ರದ ದೇವಾಸ್‌ಗೆ ಹೋದ್ರು. ಮಾಳವದ ಊರು ಅದು. ಹಾಡಬಾರದು ಅಂತ ಡಾಕ್ಟರ ಅಪ್ಪಣೆ. ಹಾಡಬಾರದು ಅಂದ್ರೆ ಕಛೇರಿ ಇಲ್ಲ, ಕಛೇರಿ ಇಲ್ಲ ಅಂದ್ರೆ ದುಡ್ಡಿಲ್ಲ. ಭಾನುಮತಿ ಅಲ್ಲಿನ ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಸೇರಿದ್ರು. ಅವರ ಸಂಬಳದಲ್ಲೇ ಮನೆ ನಡೀಬೇಕು. ಬೆಳಿಗ್ಗೆ ಗಂಡನ ಆರೈಕೆ, ಆಮೇಲೆ ಶಾಲೆ, ಸಂಜೆ ಬಂದು ಮತ್ತೆ ಆರೈಕೆ. ಅವ್ರೂ ಹಾಡೋರೇ ಅಲ್ವಾ, ಅವರ ಹಾಡು ಎಲ್ಲಿ ಹೋಯ್ತು ಅಂತ ಯಾರೂ ಕೇಳಲ್ಲ. ನಂಗೆ ಮಾತ್ರ ಈ ಕತೆ ಓದ್ದಾಗೆಲ್ಲ ಆ ಪ್ರಶ್ನೆ ಬರುತ್ತೆ.

ಮಲಗಿದ್ದ ಗಂಡ ಎಂತ ಮಾಡ್ತಿದ್ರು? ಕೇಳ್ತಿದ್ರು. ಬೀಸೋವಾಗ, ಮದುವೆ ಮನೇಲಿ, ಹಬ್ಬಕ್ಕೆ, ಮಳೆ ಬಂದಾಗ ಮಾಳವದ ಹೆಂಗಸರು ಹಾಡೋ ಹಾಡು ಕಿಟಕಿಯಿಂದ ಒಳಗೆ ಬರ್ತಿತ್ತು. ಬೀದಿಯಲ್ಲಿ ನಾಥಪಂಥದ ಜೋಗಿಗಳು ಕಬೀರನ ಪದ ಹಾಡ್ಕೊಂಡು ಹೋಗೋರು. ಮೂರು ನಾಲ್ಕು ಸ್ವರದಲ್ಲೇ ಸುತ್ತೋ ಆ ಹೆಂಗಸರ ಹಾಡಲ್ಲಿ ರಾಗದ ಬೀಜ ಇದೆ ಅಂತ ಕುಮಾರರಿಗೆ ಕಂಡಿದ್ದು ಆ ಹಾಸಿಗೆ ಮೇಲೇನೇ. ಜನಪದ ಧಾಟಿಯಿಂದ ಹುಟ್ಟಿದ ರಾಗಗಳು ಅಂತ ಅವರು ಮಾಳವತಿ, ಸಂಜಾರಿ, ಲಗನ್ ಗಂಧಾರ್ ಹೀಗೆ ಹೊಸ ರಾಗಗಳನ್ನೇ ಕಟ್ಟಿದ್ರು. ಚೀಜುಗಳನ್ನೂ ಬರೆದ್ರು, ಅವಕ್ಕೆ ಇಟ್ಕೊಂಡ ಅಂಕಿತ ‘ಶೋಕ್’. ಅವೆಲ್ಲ ಸೇರಿ 1965ರಲ್ಲಿ ‘ಅನೂಪರಾಗವಿಲಾಸ’ ಅನ್ನೋ ಪುಸ್ತಕ ಬಂತು.

ಹೊಸ ಔಷಧಿ ಸಿಕ್ಕಿ 1952ರ ಹೊತ್ತಿಗೆ ಗುಣ ಆಯ್ತು. ಆದ್ರೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದ ಹಂಗಾಗಿತ್ತು. ಮತ್ತೆ ವೇದಿಕೆ ಹತ್ತಿದಾಗ ಕೇಳಿದ್ದು ಬೇರೆಯದೇ ಹಾಡಿಕೆ. ಚಿಕ್ಕ ಚಿಕ್ಕ ತುಣುಕು, ಫಟ್ ಅಂತ ಎದ್ದು ಹೋಗೋ ದನಿ, ನಡುವೆ ಮೌನ. ಸಂಪ್ರದಾಯದೋರು ಕೆಲವ್ರು ಇದೆಂತ ಹಾಡು ಅಂತ ಜಗಳಾನೇ ಆಡಿದ್ರು. ನಂಗೂ ಮೊದ್ಲು ರುಚಿಸ್ಲಿಲ್ಲ, ಭೀಮಸೇನ ಜೋಶಿಯವರ ತುಂಬು ಉಸಿರು ಕೇಳಿದ ಕಿವಿ ಅಲ್ವಾ. ನಮ್ಮನೆಯವರ ಕಾಯಿಲೆ ಆದ ಮೇಲೆ ಕೇಳ್ದಾಗ ಆ ಮೌನ ಬೇರೆ ಥರ ಕೇಳಿಸ್ತು. ಮೆಟ್ಟಿಲು ಹತ್ತಿ ನಡುವೆ ನಿಂತು ಉಸಿರು ತಗೊಳ್ಳೋರನ್ನ ನಾನು ಪಕ್ಕದಲ್ಲೇ ನೋಡಿದ್ದೆ.

ಪ್ರೇಮದಿಂದ ಸಂಗೀತ ಹುಟ್ಟುತ್ತೆ ಅಂದ ಕೂಡ್ಲೇ ನಾವು ಚಂದದ ಹುಡುಗಿ, ಅವಳ ಮೇಲೊಂದು ಹಾಡು ಅಂದ್ಕೋತೀವಿ. ಇಲ್ಲಿ ಹಂಗಲ್ಲ. ಇಲ್ಲಿ ಒಬ್ಳು ಐದು ವರ್ಷದ ಪುರಸೊತ್ತನ್ನ ದುಡಿದು ತಂದ್ಕೊಟ್ಳು. ಆ ಪುರಸೊತ್ತು ಇಲ್ದಿದ್ರೆ ಕಿಟಕಿ ಆಚೆ ಹಾಡು ಕೇಳೋ ಪ್ರಾಣವೇ ಉಳೀತಿರ್ಲಿಲ್ಲ.

1956ರಲ್ಲಿ ಮಗ ಮುಕುಲ್ ಹುಟ್ಟಿದ. 1961ರಲ್ಲಿ ಎರಡನೇ ಮಗನ ಹೆರಿಗೆಯಲ್ಲಿ ಭಾನುಮತಿ ತೀರ್ಕೊಂಡ್ರು. ಉಳೀತಾರೋ ಇಲ್ವೋ ಅಂದಿದ್ದ ಗಂಡ ಉಳಿದ್ರು, ಉಳಿಸಿದೋರು ಹೋದ್ರು. ಇದನ್ನ ಬರೆಯೋವಾಗ್ಲೂ ನಂಗೆ ಸಿಟ್ಟು ಬರುತ್ತೆ, ಯಾರ ಮೇಲೆ ಅಂತ ಕೇಳ್ಬೇಡಿ.

ಮರುವರ್ಷ ಕುಮಾರರು ವಸುಂಧರಾ ಶ್ರೀಖಂಡೆ ಅವರನ್ನ ಮದುವೆ ಆದ್ರು. ಅವ್ರೂ ದೇವಧರ್ ಶಾಲೆಯೋರೇ. ಇಷ್ಟು ಬೇಗ ಇನ್ನೊಂದು ಮದುವೆಯಾ ಅಂತ ಮೊದ್ಲು ನನ್ನ ಮನಸ್ಸಿಗೂ ಬಂದಿತ್ತು. ಎರಡು ತಾಯಿಲ್ಲದ ಮಕ್ಕಳು, ಒಂದು ಕೈಗೂಸು ಅಂತ ಯೋಚ್ನೆ ಮಾಡಿದ ಮೇಲೆ ಸುಮ್ಮನಾದೆ. ವಸುಂಧರಾ ಗಂಡನ ಜೊತೆ ವೇದಿಕೆಯಲ್ಲಿ ಕೂತು ಹಾಡಿದ್ರು, ಇಬ್ರೂ ಸೇರಿ ಹಾಡಿದ ನಿರ್ಗುಣ ಭಜನೆಗಳನ್ನ ಜನ ಈಗ್ಲೂ ಕೇಳ್ತಾರೆ. ಮುಕುಲ್ ದೊಡ್ಡ ಗಾಯಕ ಆದ್ರು, ವಸುಂಧರಾ ಅವರ ಮಗಳು ಕಲಾಪಿನಿಯೂ ಹಾಡ್ತಾರೆ.

ಕುಮಾರರು 1992ರ ಜನವರಿ 12ಕ್ಕೆ ತೀರ್ಕೊಂಡ್ರು, ಅದೇ ವರ್ಷ ಸೆಪ್ಟೆಂಬರಲ್ಲಿ ಮನ್ಸೂರರೂ ಹೋದ್ರು. ದೇವಾಸ್‌ನ ಗುಡ್ಡದ ಬುಡದಲ್ಲಿರೋ ಅವರ ಮನೆ ಹೆಸರು ‘ಭಾನುಕುಲ’. ವಸುಂಧರಾ ಅವರು 2015ರಲ್ಲಿ ತೀರ್ಕೊಳ್ಳೋ ತನಕ ಆ ಹೆಸರಿನ ಮನೆಯಲ್ಲೇ ಇದ್ರು, ಬೋರ್ಡ್ ಬದಲಾಯಿಸ್ಲಿಲ್ಲ.