ಮಾನ್ಯತೆ ಮತ್ತು ದಿನಾಂಕ: ಪ್ರಾಥಮಿಕ ಶಿಕ್ಷಕರ ನೇಮಕಾತಿಯ ವ್ಯಾಜ್ಯಗಳನ್ನು ಕುರಿತು

ಪೀಠಿಕೆ

ನೇಮಕಾತಿಯ ದಾಖಲಾತಿ ಪರಿಶೀಲನೆಯ ದಿನ ಅಭ್ಯರ್ಥಿ ಅಂಕಪಟ್ಟಿ, ತರಬೇತಿಯ ಪ್ರಮಾಣಪತ್ರ, ಅರ್ಹತಾ ಪರೀಕ್ಷೆಯ ಫಲಿತಾಂಶಗಳನ್ನು ಮೇಜಿನ ಮೇಲೆ ಜೋಡಿಸಿಡುತ್ತಾರೆ. ಅಂಕಗಳು ಸರಿಯಿವೆ, ಮೊಹರೂ ಸರಿಯಿದೆ. ಆದರೂ ತರಬೇತಿ ಸಂಸ್ಥೆಗೆ ಮಾನ್ಯತೆ ಇರಲಿಲ್ಲವೆಂಬ ಒಂದು ಸಾಲಿನ ಷರಾದಿಂದ ಅರ್ಜಿ ತಿರಸ್ಕೃತವಾಗಬಹುದು. ಇಂತಹ ವ್ಯಾಜ್ಯಗಳಲ್ಲಿ ಮಾನ್ಯತೆ ಇತ್ತೇ ಎಂಬ ಪ್ರಶ್ನೆಯೊಂದೇ ಸಾಲದು. ಯಾವ ದಿನದಂದು ಇತ್ತು, ಅಂದು ಪ್ರವೇಶ ಪಡೆದವರು ಯಾರನ್ನು ನಂಬಿದ್ದರು ಎಂಬುದನ್ನೂ ಕೇಳಬೇಕೆಂಬುದು ಈ ಲೇಖನದ ವಾದ.

ಕಾನೂನಿನ ಚೌಕಟ್ಟು

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 1993ರ ಅಧಿನಿಯಮ 1995ರ ಜುಲೈ 1ರಂದು ಜಾರಿಗೆ ಬಂದಿತು. ಶಿಕ್ಷಕರ ತರಬೇತಿ ನೀಡುವ ಸಂಸ್ಥೆಗಳು ಮಾನ್ಯತೆ ಪಡೆಯಬೇಕೆಂದು ಅದರ 14ನೇ ಕಲಂ ಹೇಳುತ್ತದೆ. ಮಾನ್ಯತೆ ರದ್ದಾದ ಮೇಲೂ ನಡೆಸಿದ ತರಬೇತಿಯ ಪ್ರಮಾಣಪತ್ರ ಸರ್ಕಾರಿ ಅಥವಾ ಅನುದಾನಿತ ಶಾಲೆಯ ಉದ್ಯೋಗಕ್ಕೆ ಸಲ್ಲದು ಎನ್ನುತ್ತದೆ 17(4)ನೇ ಕಲಂ. ತಪ್ಪು ಸಂಸ್ಥೆಯದು, ನಷ್ಟ ವಿದ್ಯಾರ್ಥಿಯದು.

ಅದೇ 17ನೇ ಕಲಮಿನ ಪರಂತುಕವೊಂದು ಗಮನಾರ್ಹ. ಮಾನ್ಯತೆ ರದ್ದತಿಯ ಆದೇಶ ತಲುಪಿದ ದಿನವೇ ಜಾರಿಯಾಗುವುದಿಲ್ಲ. ಅದರ ಮುಂದಿನ ಶೈಕ್ಷಣಿಕ ಅವಧಿ ಮುಗಿದ ಬಳಿಕವಷ್ಟೇ ಜಾರಿಯಾಗುತ್ತದೆ. ಓದುತ್ತಿರುವವರು ನಡುದಾರಿಯಲ್ಲಿ ಕೈಬಿಟ್ಟುಹೋಗಬಾರದೆಂಬ ಕಾಳಜಿ ಕಾನೂನಿನೊಳಗೇ ಇದೆ.

ಎರಡು ತೀರ್ಪು, ಎರಡು ಕಾಳಜಿ

1986ರಲ್ಲಿ ಆಂಧ್ರಪ್ರದೇಶದ ಮಾನ್ಯತೆಯಿಲ್ಲದ ಖಾಸಗಿ ತರಬೇತಿ ಸಂಸ್ಥೆಗಳ ವಿದ್ಯಾರ್ಥಿಗಳು ಪರೀಕ್ಷೆಗೆ ಅವಕಾಶ ಕೇಳಿದಾಗ ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಸರಿಯಾದ ತರಬೇತಿಯಿಲ್ಲದವರ ಕೈಗೆ ಎಳೆಯ ಮಕ್ಕಳನ್ನು ಒಪ್ಪಿಸಲಾಗದು ಎಂಬುದೇ ಅದರ ತಿರುಳು.

1987ರ ಹರಿಯಾಣದ ಪ್ರಕರಣದ ಜಾಡು ಬೇರೆ. ಅಮರಾವತಿಯ ಸಂಸ್ಥೆಯೊಂದರ ದೈಹಿಕ ಶಿಕ್ಷಣ ಕೋರ್ಸಿಗೆ ಹರಿಯಾಣ ಸರ್ಕಾರದ ಮಾನ್ಯತೆ ಇತ್ತು. ಅದನ್ನು ನಂಬಿಯೇ ಅರ್ಜಿದಾರರು ಸೇರಿದ್ದರು. ಅವರು ಓದುತ್ತಿರುವಾಗಲೇ, 1985ರ ಜನವರಿ 9ರಂದು, ಸರ್ಕಾರ ಮಾನ್ಯತೆ ಹಿಂತೆಗೆದುಕೊಂಡಿತು. ಅವರ ಪ್ರಮಾಣಪತ್ರವನ್ನು ಮಾನ್ಯವೆಂದೇ ಪರಿಗಣಿಸಬೇಕೆಂದು ನ್ಯಾಯಾಲಯ ಹೇಳಿತು. ಮೊದಲ ತೀರ್ಪು ಮಗುವಿನ ಪರ, ಎರಡನೆಯದು ಸರ್ಕಾರದ ಮಾತು ನಂಬಿದವರ ಪರ. ಇವೆರಡರ ನಡುವೆ ವಿರೋಧವಿಲ್ಲ. ಮೊದಲಿನವರು ಸೇರಿದ್ದೇ ಮಾನ್ಯತೆಯಿಲ್ಲದ ಕಡೆ.

ಹದಿನೆಂಟು ತಿಂಗಳ ಡಿಪ್ಲೊಮಾ

ಶಿಕ್ಷಣ ಹಕ್ಕು ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿ, ತರಬೇತಿಯಿಲ್ಲದೆ ಸೇವೆಯಲ್ಲಿದ್ದ ಶಿಕ್ಷಕರಿಗೆ 2019ರ ಮಾರ್ಚ್ 31ರವರೆಗೆ ಗಡುವು ಕೊಟ್ಟಿತು. ಅವರಿಗಾಗಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ (ಎನ್‌ಐಒಎಸ್) 18 ತಿಂಗಳ ದೂರಶಿಕ್ಷಣದ ಡಿ.ಎಲ್.ಇಡಿ. ನಡೆಸಿತು. ಹೊಸ ನೇಮಕಾತಿಯಲ್ಲಿ ಇದು ಎರಡು ವರ್ಷದ ಡಿಪ್ಲೊಮಾಕ್ಕೆ ಸಮವಲ್ಲವೆಂದು 2023ರ ನವೆಂಬರ್ 28ರಂದು ಉತ್ತರಾಖಂಡದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಇಲ್ಲಿ ತರಬೇತಿ ಕೊಟ್ಟದ್ದು ಸರ್ಕಾರದ್ದೇ ಸಂಸ್ಥೆ. ಮುಂದೆ ನ್ಯಾಯಾಲಯವೇ ಈ ನಿಲುವನ್ನು ಸ್ಪಷ್ಟಪಡಿಸಿ, 2017ರ ಆಗಸ್ಟ್ 10ರಂದು ಸೇವೆಯಲ್ಲಿದ್ದು ಗಡುವಿನೊಳಗೆ ಕೋರ್ಸ್ ಮುಗಿಸಿದವರಿಗೆ ರಕ್ಷಣೆ ಕೊಟ್ಟಿತು. ಕೊನೆಗೂ ಇತ್ಯರ್ಥಕ್ಕೆ ಆಧಾರವಾದದ್ದು ದಿನಾಂಕವೇ.

ಶಾಸಕಾಂಗವೂ ಈ ದಾರಿ ಹಿಡಿದಿದೆ. 2019ರ ಎನ್‌ಸಿಟಿಇ ತಿದ್ದುಪಡಿ, 2017-18ನೇ ಸಾಲಿನವರೆಗೆ ಮಾನ್ಯತೆಯಿಲ್ಲದೆ ಕೋರ್ಸ್ ನಡೆಸಿದ ಸರ್ಕಾರಿ ಅನುದಾನದ ಸಂಸ್ಥೆಗಳಿಗೆ, ಷರತ್ತುಗಳಿಗೆ ಒಳಪಟ್ಟು, ಪೂರ್ವಾನ್ವಯ ಮಾನ್ಯತೆಗೆ ಅವಕಾಶ ಮಾಡಿತು. ಖಾಸಗಿ ಸಂಸ್ಥೆಗಳಲ್ಲಿ ಓದಿದವರು ಇದರಿಂದ ಹೊರಗುಳಿದರು.

ಉಪಸಂಹಾರ

ತರಬೇತಿಯ ಗುಣಮಟ್ಟದಲ್ಲಿ ರಾಜಿ ಸಲ್ಲದು. ಒಂದನೇ ತರಗತಿಯ ಮಗುವಿಗೆ ಅಕ್ಷರ ಕಲಿಸುವುದು ಕಲಿತೇ ಬರಬೇಕಾದ ವಿದ್ಯೆ. ಆದರೆ ಸಂಸ್ಥೆಯ ಮಾನ್ಯತೆಯನ್ನು ಪ್ರವೇಶದ ದಿನವೇ ಪರಿಶೀಲಿಸಿ ಹೇಳಬೇಕಾದ ಹೊಣೆ ಪರೀಕ್ಷೆ ನಡೆಸಿ ಪ್ರಮಾಣಪತ್ರಕ್ಕೆ ಮೊಹರು ಒತ್ತುವ ಪ್ರಾಧಿಕಾರದ ಮೇಲಿದೆ. ಮಾನ್ಯತೆ ಇಲ್ಲದಿದ್ದರೆ ಪರೀಕ್ಷೆ ನಡೆಸಕೂಡದೆಂದು ಅಧಿನಿಯಮದ 16ನೇ ಕಲಂ ಈಗಾಗಲೇ ವಿಧಿಸಿದೆ. ಆ ಕಲಂ ನಿಷ್ಠೆಯಿಂದ ಜಾರಿಯಾದರೆ ಅಭ್ಯರ್ಥಿ ಎರಡು ವರ್ಷ ಓದಿ, ಶುಲ್ಕ ಕಟ್ಟಿ, ಪರಿಶೀಲನೆಯ ಮೇಜಿನ ಮುಂದೆ ನಿಂತಾಗ ಷರಾ ಬರೆಯುವ ಪ್ರಸಂಗವೇ ಬಾರದು.