ಬಯಲುನಾಡಿನಲ್ಲಿ ಪ್ರಭುತ್ವವೂ ಪ್ರಜೆಯೂ

ಹಳೆಯ ಶಾಸನಗಳಲ್ಲಿ ಬಯಲುನಾಡೆಂದು ಹೆಸರು ಪಡೆದ ಸೀಮೆಯೇ ಇಂದಿನ ವಯನಾಡು. ಹೆಗ್ಗಡದೇವನಕೋಟೆ, ಗುಂಡ್ಲುಪೇಟೆ, ಕೊಡಗುಗಳಿಗೆ ಅಂಟಿಕೊಂಡಿರುವ ಈ ನಾಡಿನ ದೇವಾಲಯಗಳನ್ನೂ ಬಸದಿಗಳನ್ನೂ ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ನಾವು ಇಲ್ಲಿ ಎತ್ತಿಕೊಂಡಿರುವ ವಿಷಯವು ಬೇರೆ. ಸರಕಾರದ ಕೈ ಒಬ್ಬ ಪ್ರಜೆಯ ಮೈಮೇಲೆ ಎಲ್ಲಿಯವರೆಗೆ ಚಾಚಬಹುದು, ಅದಕ್ಕೆ ಗೆರೆ ಎಳೆಯುವವರು ಯಾರು ಎಂಬುದೇ ಆ ವಿಷಯ. ಪೌರನೀತಿಯ ಪಾಠದಲ್ಲಿ ನಾವು ಉಪಾಧ್ಯಾಯರು ಇದನ್ನು ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸುತ್ತೇವೆ. ವಯನಾಡಿನ ಚರಿತ್ರೆಯಲ್ಲಿ ಅದು ಅಷ್ಟು ಸುಲಭವಾಗಿ ಮುಗಿದುದಲ್ಲ.

ಕಂಪೆನಿಯ ಕಾಲದ ಮಾತು ಹೆಚ್ಚು ಬೇಡ. 1805ನೆಯ ನವೆಂಬರ್ 30ರಂದು ಪುಲ್ಪಳ್ಳಿಯ ಸಮೀಪದ ಕಾಡಿನಲ್ಲಿ ಪಳಶ್ಶಿ ರಾಜನು ಮಡಿದನು. ಅಂದಿನ ಆಡಳಿತವನ್ನು ಈ ನಾಡಿನ ಪ್ರಜೆಯು ಪ್ರಶ್ನಿಸಬೇಕೆಂದರೆ ಬಿಲ್ಲು ಕೋವಿಗಳ ಹೊರತು ಬೇರೆ ದಾರಿಯೇ ಇರಲಿಲ್ಲ. ಆ ದಾರಿ ತೆರೆದುದು ಗಣರಾಜ್ಯ ಬಂದ ಮೇಲೆ. ಅದನ್ನು ಮೊದಲು ತುಳಿದವರೂ ಮಲಬಾರಿನವರೇ.

ಎ. ಕೆ. ಗೋಪಾಲನ್ ಅವರ ಹೆಸರು ನಮ್ಮ ಗಡಿನಾಡಿಗೆ ಹೊಸದಲ್ಲ. 1957ರಿಂದ ಮೂರು ಚುನಾವಣೆಗಳಲ್ಲಿ ಕಾಸರಗೋಡು ಕ್ಷೇತ್ರವು ಇವರನ್ನೇ ಲೋಕಸಭೆಗೆ ಆರಿಸಿ ಕಳುಹಿಸಿತು. 1950ರಲ್ಲಿ ಇವರು ಮದರಾಸು ಸರಕಾರದ ಸೆರೆಯಲ್ಲಿದ್ದರು. ಆ ವರ್ಷದ ಮುನ್ನೆಚ್ಚರಿಕೆಯ ಬಂಧನ ಶಾಸನದ ಪ್ರಕಾರ, ವಿಚಾರಣೆಯಿಲ್ಲದೆಯೇ ತಮ್ಮನ್ನು ಹಿಡಿದಿಟ್ಟುದು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಮೇ 19ರಂದು ತೀರ್ಪು ಬಂದಿತು. ಶಾಸನಸಭೆಯು ಕ್ರಮವಾಗಿ ಕಾನೂನು ಮಾಡಿದ್ದರೆ ಸಾಕು, ಆ ಕಾನೂನು ನ್ಯಾಯವಾದುದೇ ಎಂದು ತೂಗಿ ನೋಡುವುದು ನ್ಯಾಯಾಲಯದ ಕೆಲಸವಲ್ಲವೆಂದು ಬಹುಮತದ ನ್ಯಾಯಾಧೀಶರು ಹೇಳಿದರು. ಬಂಧನದ ಕಾರಣಗಳನ್ನು ಬಂದಿಯು ನ್ಯಾಯಾಲಯಕ್ಕೂ ತಿಳಿಸಬಾರದೆಂಬ 14ನೆಯ ಕಲಮನ್ನು ಮಾತ್ರ ತಳ್ಳಿಹಾಕಿದರು. ನ್ಯಾಯಮೂರ್ತಿ ಫಜಲ್ ಅಲಿಯವರು ಇದಕ್ಕೆ ಒಪ್ಪಲಿಲ್ಲ. ಗೋಪಾಲನ್ ಸೋತರು. ಆದರೆ ಗೆರೆ ಎಲ್ಲಿದೆ ಎಂಬ ಪ್ರಶ್ನೆಯು ಅಂದು ದಾಖಲೆಗೆ ಸೇರಿತು.

ಇನ್ನು ತಿರುನೆಲ್ಲಿಗೆ ಬರೋಣ. ಬ್ರಹ್ಮಗಿರಿಯ ತಪ್ಪಲಿನ ಈ ಕ್ಷೇತ್ರಕ್ಕೆ ಪಿತೃಕಾರ್ಯಕ್ಕಾಗಿ ನಮ್ಮವರೂ ಹೋಗಿಬರುತ್ತಾರೆ. ಸುತ್ತಣ ಗದ್ದೆಗಳಲ್ಲಿ ದುಡಿದವರು ಅಡಿಯರು ಮತ್ತು ಪಣಿಯರು. ಅಡಿಯರೆಂದರೆ ಕೊಡಗಿನಲ್ಲಿ ನಾವು ಯರವರೆಂದು ಕರೆಯುವ ಜನರ ಬಳಗವೇ. ಅವರ ನುಡಿಯಲ್ಲಿ ಕನ್ನಡದ ಕಿವಿಗೆ ಪರಿಚಿತವಾದ ಮಾತುಗಳು ಹಲವಿವೆ. ಮಾನಂದವಾಡಿಯ ಬಳಿಯ ವಳ್ಳಿಯೂರುಕಾವಿನ ಜಾತ್ರೆಯಲ್ಲಿ ದೇವಿಯ ಇದಿರು ಮುಂಗಡ ಹಣ ಕೊಟ್ಟು, ಇವರನ್ನು ವರ್ಷಾವಧಿ ಜೀತಕ್ಕೆ ಗೊತ್ತುಮಾಡುವ ಪದ್ಧತಿಯಿತ್ತು. ಗುಲಾಮಗಿರಿಗೆ ನ್ಯಾಯಾಸ್ಥಾನದ ಮನ್ನಣೆಯಿಲ್ಲವೆಂದು 1843ರಲ್ಲಿಯೇ ಶಾಸನವಾಗಿತ್ತು. ಬಿಟ್ಟಿಯನ್ನು ಸಂವಿಧಾನದ 23ನೆಯ ವಿಧಿಯು 1950ರಲ್ಲಿ ನಿಷೇಧಿಸಿತ್ತು. ಜಾತ್ರೆಯ ವ್ಯವಹಾರಕ್ಕೆ ಇದಾವುದೂ ಅಡ್ಡಬರಲಿಲ್ಲ. ಜೀತಪದ್ಧತಿಯ ನಿರ್ಮೂಲನ ಶಾಸನವು ಬಂದುದು 1976ರಲ್ಲಿ. ಪ್ರಭುತ್ವದ ಮಿತಿಯನ್ನು ಚರ್ಚಿಸುವವರು ಇದನ್ನು ಮರೆಯಬಾರದೆಂದು ನಮ್ಮ ಅಭಿಪ್ರಾಯ: ಅಡಿಯನ ಗುಡಿಸಲಿಗೆ ಕಾನೂನು ರಕ್ಷಣೆಯಾಗಿ ಹೋಗಲಿಲ್ಲ, ಪೊಲೀಸು ಮಾತ್ರ ಹೋಯಿತು.

ಈ ಜನರ ನಡುವೆ ಕೆಲಸ ಮಾಡಿದ ಎ. ವರ್ಗೀಸ್ ಎಂಬ ತರುಣನು ಮೊದಲು ಮಾರ್ಕ್ಸ್‌ವಾದಿ ಕಮ್ಯೂನಿಸ್ಟ್ ಪಕ್ಷದಲ್ಲಿದ್ದು ಆಮೇಲೆ ನಕ್ಸಲ್ ಪಂಥವನ್ನು ಹಿಡಿದನು. ಅಡಿಯರು ಅವನನ್ನು ತಮ್ಮ ಪೆರುಮಾಳನೆಂದರು. 1968ನೆಯ ನವೆಂಬರಿನಲ್ಲಿ ಆ ಪಂಥದವರು ಪುಲ್ಪಳ್ಳಿಯ ಪೊಲೀಸ್ ಶಿಬಿರದ ಮೇಲೆ ದಾಳಿಮಾಡಿದರು. ವಯರ್‌ಲೆಸ್ ಕೆಲಸದ ಪೊಲೀಸನೊಬ್ಬನು ಸತ್ತನು. 1970ನೆಯ ಫೆಬ್ರವರಿಯಲ್ಲಿ ತಿರುನೆಲ್ಲಿಯ ಕಡೆ ಭೂಮಾಲಿಕರ ಕೊಲೆಗಳಾದವು. ಇವನ್ನು ನಾವು ಸಮರ್ಥಿಸುವವರಲ್ಲ. ಕೊಲೆಗೆ ಕಾನೂನಿನಲ್ಲಿ ಶಿಕ್ಷೆಯಿದೆ. ಅದನ್ನು ವಿಧಿಸುವ ಅಧಿಕಾರ ನ್ಯಾಯಾಧೀಶನದು. ಆದರೆ ಫೆಬ್ರವರಿ 18ರಂದು ವರ್ಗೀಸನು ತಿರುನೆಲ್ಲಿಯ ಕಾಡಿನಲ್ಲಿ ಗುಂಡಿಗೆ ಬಲಿಯಾದನು. ಇದಿರುಬದಿರು ನಡೆದ ಕಾಳಗದಲ್ಲಿ ಸತ್ತನೆಂದು ಪೊಲೀಸರು ಸಾರಿದರು.

ಇಲ್ಲಿ ಕಾನೂನು ಏನೆನ್ನುತ್ತಿತ್ತು? ಕೊಲೆಯ ಆಪಾದಿತನು ಬಲಾತ್ಕಾರದಿಂದ ದಸ್ತಗಿರಿಯನ್ನು ತಡೆದರೆ ಪೊಲೀಸನು ಅಗತ್ಯವಾದಷ್ಟು ಬಲವನ್ನು ಉಪಯೋಗಿಸಬಹುದು. ಅಂಥ ಪ್ರಸಂಗದಲ್ಲಿ ಸಾವು ಸಂಭವಿಸಿದರೂ ಕಾನೂನು ಮನ್ನಿಸಬಹುದು. ಹಿಡಿದಾದ ಮೇಲೆ ಆ ಮಾತು ಬೇರೆ. ಕೈಗೆ ಸಿಕ್ಕವನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೆಯ ವಿಧಿಯು ವಿಧಿಸಿದೆ. ಆದುದರಿಂದ ವರ್ಗೀಸನು ಸಾಯುವಾಗ ಓಡುತ್ತಿದ್ದನೋ, ಕೈಸೆರೆಯಾಗಿದ್ದನೋ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ವಿಚಿತ್ರವೆಂದರೆ, ಅದೇ ತಿಂಗಳ 10ರಂದು ದಿಲ್ಲಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬ್ಯಾಂಕು ರಾಷ್ಟ್ರೀಕರಣದ ಮೊಕದ್ದಮೆಯಲ್ಲಿ ಗೋಪಾಲನ್ ತೀರ್ಪಿನ ಬುಡವನ್ನೇ ಸಡಿಲಿಸಿತ್ತು.

ಆರು ವರ್ಷಗಳ ತರುವಾಯ, ಘಟ್ಟದ ಕೆಳಗಿನ ಕಕ್ಕಯಂನಲ್ಲಿ ಇಂಥದೇ ಇನ್ನೊಂದು ನಡೆಯಿತು. ತುರ್ತುಪರಿಸ್ಥಿತಿಯ ಕಾಲ. ಕಲ್ಲಿಕೋಟೆಯ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್‌ನನ್ನು 1976ನೆಯ ಮಾರ್ಚ್ 1ರಂದು ಪೊಲೀಸರು ಹಾಸ್ಟೆಲಿನಿಂದ ಕೊಂಡೊಯ್ದರು. ತಂದೆ ಈಚರ ವಾರಿಯರ್ ಹಿಂದಿ ಕಲಿಸುವ ಅಧ್ಯಾಪಕರು, ನಮ್ಮ ವೃತ್ತಿಯವರು. ಅವರು ಅಧಿಕಾರಿಗಳ, ಮಂತ್ರಿಗಳ ಬಾಗಿಲುಗಳನ್ನು ಒಂದು ವರ್ಷ ಅಲೆದರು. ನ್ಯಾಯಾಲಯದ ಬಾಗಿಲಂತೂ ಮುಚ್ಚಿಯೇ ಇತ್ತು: ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯವು, ಎಚ್. ಆರ್. ಖನ್ನಾ ಒಬ್ಬರ ಭಿನ್ನಮತದ ಹೊರತು, ತುರ್ತುಪರಿಸ್ಥಿತಿಯಲ್ಲಿ ಹೇಬಿಯಸ್ ಕಾರ್ಪಸ್ ಕೇಳುವ ಹಕ್ಕಿಲ್ಲವೆಂದು ಹೇಳಿಬಿಟ್ಟಿತು. 1977ನೆಯ ಮಾರ್ಚಿಯಲ್ಲಿ ತುರ್ತುಪರಿಸ್ಥಿತಿ ಮುಗಿದೊಡನೆ ವಾರಿಯರ್ ಕೇರಳದ ಉಚ್ಚ ನ್ಯಾಯಾಲಯಕ್ಕೆ ಹೋದರು. ಹುಡುಗನನ್ನು ತಾವು ಹಿಡಿದೇ ಇಲ್ಲವೆಂದು ಸರಕಾರದ ಪಕ್ಷ ವಾದಿಸಿತು. ನ್ಯಾಯಾಲಯ ನಂಬಲಿಲ್ಲ, ಅವನನ್ನು ತಂದು ಹಾಜರುಪಡಿಸಿರೆಂದು ಏಪ್ರಿಲ್ 13ರಂದು ಆಜ್ಞಾಪಿಸಿತು. ತುರ್ತುಪರಿಸ್ಥಿತಿಯಲ್ಲಿ ಗೃಹಮಂತ್ರಿಯಾಗಿದ್ದು ಆಗತಾನೆ ಮುಖ್ಯಮಂತ್ರಿಯಾಗಿದ್ದ ಕೆ. ಕರುಣಾಕರನ್ ಅದೇ ತಿಂಗಳು ರಾಜೀನಾಮೆ ಕೊಡಬೇಕಾಯಿತು. ರಾಜನ್ ಪೊಲೀಸರ ವಶದಲ್ಲಿಯೇ ಸತ್ತನೆಂದು ತರುವಾಯ ಒಪ್ಪಬೇಕಾಯಿತು. ದೇಹ ಸಿಗಲಿಲ್ಲ. 1976ರ ಆ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು ತಾನೇ ಅಳಿಸಿಹಾಕಿದುದು 2017ರಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಕನ್ನಡಿಗರು ಇದಕ್ಕಾಗಿ ಕೊಂಚ ಹೆಮ್ಮೆಪಟ್ಟರೆ ತಪ್ಪಲ್ಲ.

ತಿರುನೆಲ್ಲಿಯ ಕಥೆ ಅಷ್ಟರಲ್ಲಿ ಕಾಡಿನಲ್ಲಿಯೇ ಉಳಿದಿತ್ತು. 1998ರಲ್ಲಿ ರಾಮಚಂದ್ರನ್ ನಾಯರ್ ಎಂಬ ನಿವೃತ್ತ ಪೊಲೀಸ್ ಪೇದೆ ಬಾಯಿಬಿಟ್ಟರು. ಜೀವಂತ ಹಿಡಿದಿದ್ದ ವರ್ಗೀಸನನ್ನು ಮೇಲಧಿಕಾರಿಯ ಅಪ್ಪಣೆಯಂತೆ ತಾನೇ ಗುಂಡಿಕ್ಕಿ ಕೊಂದೆನೆಂದೂ, ಒಲ್ಲೆನೆಂದರೆ ತನ್ನ ಪ್ರಾಣಕ್ಕೇ ಅಪಾಯವಿತ್ತೆಂದೂ ಅವರು ಹೇಳಿದರು. ಉಚ್ಚ ನ್ಯಾಯಾಲಯವು ಸಿ.ಬಿ.ಐ. ತನಿಖೆಗೆ ಆಜ್ಞೆಮಾಡಿತು. ಹೇಳಿಕೆ ಕೊಟ್ಟವರೇ ಮೊದಲನೆಯ ಆಪಾದಿತರಾದರು. 2010ನೆಯ ಅಕ್ಟೋಬರಿನಲ್ಲಿ ಸಿ.ಬಿ.ಐ. ನ್ಯಾಯಾಲಯವು, ಪೊಲೀಸ್ ಇಲಾಖೆಯಲ್ಲಿ ಐ.ಜಿ. ಪದವಿಯವರೆಗೆ ಏರಿ ನಿವೃತ್ತರಾಗಿದ್ದ ಕೆ. ಲಕ್ಷ್ಮಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇನ್ನೊಬ್ಬ ಅಧಿಕಾರಿಯನ್ನು ಸಂಶಯದ ಲಾಭ ಕೊಟ್ಟು ಬಿಟ್ಟಿತು. ಗುಂಡಿನ ಸದ್ದಿಗೂ ತೀರ್ಪಿಗೂ ನಡುವೆ 40 ವರ್ಷಗಳು.

ನಮ್ಮನ್ನು ಹೆಚ್ಚು ಕಾಡುವುದು ಆ ಪೇದೆಯ ಸ್ಥಿತಿ. ಆಗ ಜಾರಿಯಲ್ಲಿದ್ದ 1860ರ ದಂಡಸಂಹಿತೆಯ 76ನೆಯ ಕಲಮು ಕಾನೂನಿಗೆ ಅನುಸಾರವಾದ ಆಜ್ಞೆಯನ್ನು ಪಾಲಿಸಿದವನನ್ನು ಮಾತ್ರ ಕಾಯುತ್ತಿತ್ತು. ಕೈಸೆರೆಯಾದವನನ್ನು ಕೊಲ್ಲೆಂಬ ಆಜ್ಞೆಗೆ ಆ ರಕ್ಷಣೆಯಿಲ್ಲ. ಆದರೆ ನಡುಕಾಡಿನಲ್ಲಿ, ಮೇಲಧಿಕಾರಿಯ ಇದಿರಿನಲ್ಲಿ, ಕೈಯಲ್ಲಿ ಕೋವಿ ಹಿಡಿದು ನಿಂತ ಒಬ್ಬ ಬಡ ಪೇದೆಗೆ ಆ ಕಲಮನ್ನು ಓದಿ ಹೇಳುವವರು ಯಾರಿದ್ದರು? ಪ್ರಾಣಭಯವಿತ್ತೆಂಬ ಅವರ ಮಾತನ್ನು ಯಾವ ನ್ಯಾಯಾಧೀಶನೂ ತೂಗಿ ತೀರ್ಮಾನಿಸಲಿಲ್ಲ. ರಾಮಚಂದ್ರನ್ ನಾಯರ್ ವಿಚಾರಣೆ ಮುಗಿಯುವ ಮೊದಲೇ 2006ರಲ್ಲಿ ತೀರಿಹೋಗಿದ್ದರು. ವರ್ಗೀಸನ ಒಡಹುಟ್ಟಿದವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡುವುದೆಂದು ಕೇರಳದ ಮಂತ್ರಿಮಂಡಲವು 2021ರಲ್ಲಿ ನಿರ್ಧರಿಸಿತು.