ಧರ್ಮದ ದುಡ್ಡು, ಬೆಳೆಗಾರರ ಸಭೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಮುಂಬಯಿ ಪ್ರಾಂತದಲ್ಲಿದ್ದ ಕಾಲ. ಆ ಪ್ರಾಂತದ ಪೇಟೆಗಳಲ್ಲಿ ದಲಾಲರು ಬೆಳೆಗಾರನ ಪಟ್ಟಿಯಿಂದ ‘ಧರ್ಮಾದಾಯ’ವೆಂದು ಒಂದಿಷ್ಟು ಮುರಿದುಕೊಳ್ಳುವ ರೂಢಿಯಿತ್ತು. ದುಡ್ಡು ಬೆಳೆದವನದು, ಕೊಡುವ ಕೈ ವ್ಯಾಪಾರಿಯದು.

1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿದ್ದನ್ನು ನೆನೆಯುವಾಗ ಎಲ್ಲರೂ ಅಡಿಕೆಯ ತೂಕ, ದರಗಳ ಮಾತನ್ನೇ ಆಡುತ್ತಾರೆ. ನನಗೆ ಈ ಧರ್ಮದ ಬಾಬೂ ಸಣ್ಣದೆನಿಸದು. ಆಗ ಜಾರಿಯಲ್ಲಿದ್ದ 1912ರ ಸಹಕಾರಿ ಕಾಯಿದೆಯಂತೆ, ನಿವ್ವಳ ಲಾಭದ ಕಾಲುಭಾಗ ಕಾಯ್ದಿಟ್ಟ ನಿಧಿಗೆ ಹೋದ ಮೇಲೆ, ಉಳಿದುದರ ಶೇ. 10ರವರೆಗೆ ಸಂಘವೇ ದಾನ ಕೊಡಬಹುದಿತ್ತು; ರಿಜಿಸ್ಟ್ರಾರರ ಒಪ್ಪಿಗೆ ಬೇಕು, ಅಷ್ಟೆ. ಬಡವರ ನೆರವು, ವಿದ್ಯೆ, ಔಷಧೋಪಚಾರಕ್ಕೆ ಸೈ. ಬರಿಯ ಪೂಜೆಗೆ ಇಲ್ಲ.

ಈಗಿನ 1959ರ ಕಾಯಿದೆಯಲ್ಲಿ ಸದಸ್ಯನಿಗೆ ಒಂದೇ ಮತ, ತೋಟ ಎಷ್ಟೇ ಇರಲಿ. ಮರ ಹತ್ತಿ ಕೊನೆ ಇಳಿಸಿದ ಕೊನೆಗೌಡನಿಗೆ, ಷೇರಿಲ್ಲದಿದ್ದರೆ, ಆ ಒಂದೂ ಇಲ್ಲ.